ಫೋಟೋ ಬಣ್ಣ ಕೆಡೋದು ಸ್ಕ್ರೀನ್‌ನಿಂದಲ್ಲ, ಪ್ರೊಫೈಲ್ ಕಿತ್ತು ಹಾಕೋದ್ರಿಂದ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ವೆಬ್ ಆವೃತ್ತಿಯಲ್ಲಿ ಓದುಗರು ಕಳಿಸೋ ಫೋಟೋಗಳನ್ನ ತಪ್ಪದೇ ನೋಡ್ತೀನಿ. ಒಳ್ಳೊಳ್ಳೆ ಫೋಟೋ ಬರ್ತವೆ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಒಂದು ವಿಷ್ಯ ತುಂಬಾ ದಿನದಿಂದ ಕಾಡ್ತಾ ಇದೆ. ಅಕ್ಕಪಕ್ಕ ಹಾಕಿರೋ ಎರಡು ಫೋಟೋದಲ್ಲಿ ಒಂದು ಕಣ್ತುಂಬೋ ಹಾಗಿರತ್ತೆ, ಇನ್ನೊಂದು ಸಪ್ಪೆ ಸಪ್ಪೆ, ಹಸಿರೆಲ್ಲ ಬೂದು ತಿರುಗಿರತ್ತೆ, ಮುಖದಲ್ಲಿ ಕಳೆಯೇ ಇರಲ್ಲ. ಫೋಟೋ ತೆಗೆದೋರನ್ನ ಕೇಳಿದ್ರೆ "ಫೋಟೋಶಾಪ್‌ನಲ್ಲಿ ಚೆನ್ನಾಗೇ ಇತ್ತು, ಅಪ್‌ಲೋಡ್ ಮಾಡಿದ್ಮೇಲೆ ಹೀಗಾಯ್ತು" ಅಂತಾರೆ. ಸೈಟ್ ನೋಡ್ಕೊಳ್ಳೋರನ್ನ ಕೇಳಿದ್ರೆ (ಇದು ನಿಮ್ಮಲ್ಲಿ ಅಂತಲ್ಲ, ಎಲ್ಲ ಕಡೆ ಕೇಳಿಬರೋ ಮಾತು) "ಒಬ್ಬೊಬ್ಬರ ಸ್ಕ್ರೀನ್ ಒಂದೊಂದು ಥರ ಇರತ್ತೆ, ಅದಕ್ಕೆ ನಾವೇನ್ ಮಾಡೋಕಾಗತ್ತೆ" ಅಂತಾರೆ. ಈ ಎರಡನೇ ಮಾತಿದೆಯಲ್ಲ, ಅದನ್ನ ಒಪ್ಪೋಕೆ ನನ್ನಿಂದ ಆಗಲ್ಲ, ಅದಕ್ಕೇ ಈ ಪತ್ರ.

ಸ್ಕ್ರೀನ್‌ಗಳು ಬೇರೆ ಬೇರೆ ಅನ್ನೋದು ನಿಜಾನೇ. ಆದ್ರೆ ಸ್ವಲ್ಪ ಯೋಚಿಸಿ ನೋಡಿ, ಓದುಗರು ಬೆಳಗ್ಗೆಯಿಂದ ರಾತ್ರಿವರೆಗೂ ಎಲ್ಲಾನೂ ಅದೇ ಸ್ಕ್ರೀನ್‌ನಲ್ಲೇ ನೋಡ್ತಿರ್ತಾರೆ, ಅದು ಒಂಚೂರು ನೀಲಿ ಕಡೆ ವಾಲಿದ್ರೆ ಎಲ್ಲ ಫೋಟೋನೂ ಅಷ್ಟೇ ನೀಲಿ ವಾಲತ್ತೆ, ಕಣ್ಣು ಅದಕ್ಕೆ ಒಗ್ಗಿಹೋಗಿರತ್ತೆ, ಅವರಿಗೆ ಅದು ಗೊತ್ತೂ ಆಗಲ್ಲ. ಅದೇ ಸ್ಕ್ರೀನ್‌ನಲ್ಲಿ, ಅದೇ ಪುಟದಲ್ಲಿ, ಪಕ್ಕದ ಫೋಟೋಗಿಂತ ಒಂದು ಫೋಟೋ ಮಾತ್ರ ಮಂಕಾಗಿ ಕಂಡ್ರೆ ಅದು ಸ್ಕ್ರೀನಿನ ತಪ್ಪು ಹೇಗಾಗತ್ತೆ? ಅದು ಆ ಫೋಟೋ ಫೈಲ್ ಬಂದ ದಾರಿಯಲ್ಲಿ ಆಗಿರೋ ತಪ್ಪು, ಬಣ್ಣವನ್ನ ಹೇಗೆ ಓದ್ಬೇಕು ಅಂತ ಹೇಳೋಕೆ ಫೈಲ್ ಜೊತೆ ಬರೋ ಪ್ರೊಫೈಲ್ ಅನ್ನೋ ಸಣ್ಣ ಮಾಹಿತಿ ಕಳೆದುಹೋಗೋ ತಪ್ಪು. ದಾರಿಯಲ್ಲಿ ಆಗಿರೋ ತಪ್ಪನ್ನ ಸರಿ ಮಾಡಬಹುದು, ಸರಿ ಮಾಡೋದು ಕಷ್ಟವೂ ಅಲ್ಲ.

ಮೊದಲಿಗೆ ಒಂದು ಜೆಪೆಗ್ ಫೈಲ್ ಒಳಗೆ ಏನಿರತ್ತೆ ಅಂತ ನೋಡಿ. ಬಣ್ಣ ಇರಲ್ಲ, ನಂಬರ್ ಇರತ್ತೆ. ಫೈಲ್ ಬಿಚ್ಚಿದಾಗ ಸಿಗೋದು ಪ್ರತಿ ಚುಕ್ಕೆಗೆ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ 0 ಯಿಂದ 255 ರವರೆಗಿನ ಮೂರು ನಂಬರ್, ಅಷ್ಟೇ. ಆದ್ರೆ 255 ಕೆಂಪು ಅಂದ್ರೆ ಎಂಥ ಕೆಂಪು? ಅದನ್ನ ಹೇಳೋದು ಕಲರ್ ಸ್ಪೇಸ್, ಅಂದ್ರೆ ಯಾವ ನಂಬರ್‌ಗೆ ಯಾವ ಬಣ್ಣ, ಒಟ್ಟು ಎಷ್ಟು ಬಣ್ಣ ಹಿಡಿಸತ್ತೆ ಅನ್ನೋ ಅಳತೆ. ಉದ್ದ ಐದು ಅಂತ ಬರೆದುಕೊಟ್ಟು ಅಡಿಯೋ ಮೀಟರೋ ಹೇಳದೇ ಇದ್ರೆ ಬಡಗಿ ಏನು ಮಾಡಬೇಕು, ಹಾಗೇ ಇದು, ಕಲರ್ ಸ್ಪೇಸ್ ಯಾವುದು ಅಂತ ಹೇಳದೇ ಬರೀ ನಂಬರ್ ಕಳಿಸಿದ್ರೆ ಬ್ರೌಸರ್ ಊಹೆ ಮಾಡ್ಕೊಂಡೇ ಬಣ್ಣ ತೋರಿಸಬೇಕಾಗತ್ತೆ.

ಎಲ್ಲರೂ ಬಳಸೋ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ. ಇದನ್ನ 1996 ರಲ್ಲಿ ಎಚ್‌ಪಿ ಮತ್ತೆ ಮೈಕ್ರೋಸಾಫ್ಟ್ ಕಂಪನಿಗಳು ಸೇರಿ ಮುಂದಿಟ್ಟಿದ್ದು, 1999 ರಲ್ಲಿ ಐಇಸಿ (ಎಲೆಕ್ಟ್ರಾನಿಕ್ಸ್ ಸ್ಟ್ಯಾಂಡರ್ಡ್‌ಗಳನ್ನ ಮಾಡೋ ಸಂಸ್ಥೆ) ಅದನ್ನ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಮಾಡ್ತು. ಆಗಿದ್ದಿದ್ದು ದಪ್ಪ ಗಾಜಿನ ಸಿಆರ್‌ಟಿ ಮಾನಿಟರ್‌ಗಳು, ಅವು ಎಷ್ಟು ಬಣ್ಣ ತೋರಿಸ್ತಿದ್ವೋ ಅದರ ಅಳತೆಗೆ ಹೊಲಿದಿದ್ದು ಇದು. 1998 ರಲ್ಲಿ ಅಡೋಬಿ ಕಂಪನಿ ಅದಕ್ಕಿಂತ ದೊಡ್ಡದಾದ ಅಡೋಬಿ ಆರ್‌ಜಿಬಿ ತಂತು, ಪ್ರಿಂಟಲ್ಲಿ ಬರೋ ಸಯಾನ್, ಹಸಿರುಗಳು ಎಸ್‌ಆರ್‌ಜಿಬಿ ಒಳಗೆ ಹಿಡಿಸ್ತಿರಲಿಲ್ಲ ಅನ್ನೋ ಕಾರಣಕ್ಕೆ. ತಮಾಷೆ ಏನಂದ್ರೆ ಈ ಎರಡರಲ್ಲೂ ಕೆಂಪಿನ ತುದಿ ಒಂದೇ, ನೀಲಿಯ ತುದಿನೂ ಒಂದೇ, ಹಸಿರಿನ ತುದಿ ಮಾತ್ರ ದೂರಕ್ಕೆ ಎಳೆದಿದ್ದಾರೆ. ಕೊಡಾಕ್‌ನವರ ಪ್ರೋಫೋಟೋ ಆರ್‌ಜಿಬಿ ಇನ್ನೂ ದೊಡ್ಡದು, ಎಷ್ಟು ದೊಡ್ಡದು ಅಂದ್ರೆ ಅದರ ತುದಿಗಳಲ್ಲಿ ಮನುಷ್ಯರ ಕಣ್ಣಿಗೆ ಕಾಣಿಸದೇ ಇರೋ "ಬಣ್ಣ"ಗಳೂ ಇವೆ. ರಾ ಫೈಲ್‌ನಿಂದ (ಕ್ಯಾಮೆರಾ ಕೊಡೋ ಕಚ್ಚಾ ಫೈಲ್) ಎಡಿಟ್ ಮಾಡೋರು ಇದನ್ನ ಬಳಸೋದು ಸರಿನೇ, ಎಡಿಟ್ ಮಾಡುವಾಗ ಜಾಗ ಜಾಸ್ತಿ ಇದ್ದಷ್ಟು ಒಳ್ಳೇದು, 16 ಬಿಟ್‌ನಲ್ಲಿ (0 ಯಿಂದ 255 ಕ್ಕಿಂತ ಎಷ್ಟೋ ಜಾಸ್ತಿ ಮೆಟ್ಟಿಲು) ಇಟ್ಕೊಂಡಿದ್ರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಬರಲ್ಲ.

ಈಗ ಮುಖ್ಯ ವಿಷ್ಯ. ಎಸ್‌ಆರ್‌ಜಿಬಿಯಲ್ಲಿ ಗಟ್ಟಿ ಕೆಂಪು ಅಂದ್ರೆ 255, 0, 0. ಅದೇ ಕೆಂಪನ್ನ, ಒಂಚೂರೂ ವ್ಯತ್ಯಾಸ ಇಲ್ಲದೆ, ಅಡೋಬಿ ಆರ್‌ಜಿಬಿಯಲ್ಲಿ ಬರೆದ್ರೆ 219, 0, 0 ಆಗತ್ತೆ. ಪ್ರೋಫೋಟೋದಲ್ಲಿ ಬರೆದ್ರೆ ಸುಮಾರು 179, 70, 26. ಮೂರೂ ಒಂದೇ ಬಣ್ಣ, ನಂಬರ್ ಬೇರೆ. ಫೈಲ್ ಜೊತೆ "ಇದು ಪ್ರೋಫೋಟೋ" ಅನ್ನೋ ಪ್ರೊಫೈಲ್ ಇದ್ರೆ ಬ್ರೌಸರ್ ಲೆಕ್ಕ ಹಾಕಿ ಅದೇ ಕೆಂಪನ್ನ ತೋರಿಸತ್ತೆ. ಪ್ರೊಫೈಲ್ ಇಲ್ಲದಿದ್ರೆ ಅದನ್ನ ಎಸ್‌ಆರ್‌ಜಿಬಿ ಅಂತಲೇ ಓದ್ಕೊಳತ್ತೆ, 179, 70, 26 ಅಂದ್ರೆ ಎಸ್‌ಆರ್‌ಜಿಬಿಯಲ್ಲಿ ಇಟ್ಟಿಗೆ ಕಂದು. ದಾಸವಾಳದ ಕೆಂಪು ಇಟ್ಟಿಗೆ ಕಂದಾಯ್ತು ನೋಡಿ. ಯಾರೂ ಏನೂ ಎಡಿಟ್ ಮಾಡಿಲ್ಲ, ಒಂದು ನಂಬರೂ ಬದಲಾಗಿಲ್ಲ, ಕಂಪ್ರೆಶನ್ನೂ ಕಾರಣ ಅಲ್ಲ. ಜೊತೆಗಿದ್ದ ಒಂದು ಸಣ್ಣ ಮಾಹಿತಿ ಕಳೆದುಹೋಗಿದ್ದಷ್ಟೇ ಕಾರಣ. ಹಸಿರಲ್ಲೂ ಇದೇ ಕಥೆ, ಎಸ್‌ಆರ್‌ಜಿಬಿಯ 0, 255, 0 ಅಡೋಬಿ ಆರ್‌ಜಿಬಿಯಲ್ಲಿ 144, 255, 60 ಆಗಿರತ್ತೆ, ಅದನ್ನ ತಪ್ಪಾಗಿ ಓದಿದ್ರೆ ಅದರೊಳಗೆ ಬೇಡದ ಕೆಂಪು, ನೀಲಿ ಬೆರೆತು ಹಸಿರು ಬಿಳಚಿಕೊಳ್ಳತ್ತೆ. ಕಾಡಿನ ಫೋಟೋಗಳು, ಗದ್ದೆ ಫೋಟೋಗಳು ಜಾಸ್ತಿ ಮಂಕಾಗಿ ಕಾಣೋದು ಇದಕ್ಕೇ.

ಈ ಮಾಹಿತಿಯನ್ನ ಫೈಲ್ ಒಳಗೇ ಇಟ್ಟು ಕಳಿಸೋ ಪದ್ಧತಿ ಹೊಸದೇನಲ್ಲ. 1993 ರಲ್ಲಿ ಅಡೋಬಿ, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಇನ್ನೂ ಕೆಲವು ಕಂಪನಿಗಳು ಸೇರಿ ಐಸಿಸಿ ಅಂತ ಒಂದು ಒಕ್ಕೂಟ ಮಾಡ್ಕೊಂಡಿದ್ದೇ ಇದಕ್ಕೆ. ಐಸಿಸಿ ಪ್ರೊಫೈಲ್ ಅಂತ ನಾವು ಹೇಳೋದು ಅದನ್ನೇ. ಬ್ರೌಸರ್‌ಗಳು ಇದನ್ನ ಗೌರವಿಸೋಕೆ ಸ್ವಲ್ಪ ತಡ ಮಾಡಿದ್ವು, ಸಫಾರಿ ಮೊದಲಿಂದ ಓದ್ತಿತ್ತು, ಫೈರ್‌ಫಾಕ್ಸ್‌ನಲ್ಲಿ 2008 ರ 3 ನೇ ಆವೃತ್ತಿಯಲ್ಲಿ ಬಂತಾದ್ರೂ ಆಫ್ ಆಗಿರ್ತಿತ್ತು, 2009 ರ 3.5 ರಲ್ಲಿ ಪ್ರೊಫೈಲ್ ಇರೋ ಫೋಟೋಗಳಿಗೆ ತಾನೇ ಆನ್ ಆಯ್ತು. ಇವತ್ತು ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಲ್ಲವೂ ಪ್ರೊಫೈಲ್ ಓದ್ತವೆ. ಹಾಗಾಗಿ "ವೆಬ್‌ನಲ್ಲಿ ಬಣ್ಣ ಸರಿ ಬರಲ್ಲ ಬಿಡಿ" ಅನ್ನೋದು ಹದಿನೈದು ವರ್ಷ ಹಳೇ ಮಾತು. ಬ್ರೌಸರ್ ಓದೋಕೆ ರೆಡಿ ಇದೆ, ಓದೋಕೆ ಪ್ರೊಫೈಲ್ ಉಳಿದಿದ್ರೆ ತಾನೇ.

ಉಳಿಯಲ್ಲ ಯಾಕೆ ಅಂದ್ರೆ, ಫೋಟೋ ಅಪ್‌ಲೋಡ್ ಆದ ತಕ್ಷಣ ಸರ್ವರ್‌ನಲ್ಲಿ ಒಂದು ಸಾಫ್ಟ್‌ವೇರ್ ಅದನ್ನ ಸಣ್ಣದು ಮಾಡತ್ತೆ, ಥಂಬ್‌ನೇಲ್ ಮಾಡತ್ತೆ, ಸೈಜ್ ಉಳಿಸೋಕೆ ಅಂತ ಮೆಟಾಡೇಟಾ (ಫೋಟೋ ಜೊತೆಗಿರೋ ವಿವರಗಳು) ಎಲ್ಲ ಕಿತ್ತು ಬಿಸಾಕತ್ತೆ. ಇಮೇಜ್‌ಮ್ಯಾಜಿಕ್ ಅನ್ನೋ ಅಂಥ ಸಾಫ್ಟ್‌ವೇರ್‌ನಲ್ಲಿ ಸ್ಟ್ರಿಪ್ ಅಂತ ಒಂದು ಆಪ್ಶನ್ ಇದೆ, ಅದು ಕಾಮೆಂಟು, ಎಕ್ಸಿಫ್ (ಕ್ಯಾಮೆರಾ ಬರೆದಿಡೋ ವಿವರ) ಜೊತೆಗೆ ಬಣ್ಣದ ಪ್ರೊಫೈಲನ್ನೂ ಗುಡಿಸಿ ಹಾಕತ್ತೆ. ವೆಬ್‌ಸೈಟ್‌ಗಳಲ್ಲಿ ಬಳಸೋ ಪಿಎಚ್‌ಪಿ ಭಾಷೆಯ ಜಿಡಿ ಲೈಬ್ರರಿಗಂತೂ ಪ್ರೊಫೈಲ್ ಉಳಿಸಿಕೊಳ್ಳೋ ಅಭ್ಯಾಸವೇ ಇಲ್ಲ. ಎಕ್ಸಿಫ್ ತೆಗೆಯೋದು ಸರಿ, ಖಂಡಿತ ತೆಗೀರಿ, ಅದ್ರಲ್ಲಿ ಫೋಟೋ ತೆಗೆದ ಜಾಗದ ಜಿಪಿಎಸ್ ಇರತ್ತೆ, ಜನರ ಮನೆ ಎಲ್ಲಿದೆ ಅಂತ ಊರಿಗೆಲ್ಲ ತೋರಿಸೋದು ಯಾರಿಗೂ ಬೇಡ. ಆದ್ರೆ ಬಣ್ಣದ ಪ್ರೊಫೈಲ್ ಯಾರ ಗುಟ್ಟನ್ನೂ ಹೇಳಲ್ಲ, ಅದನ್ನ ಎಕ್ಸಿಫ್ ಜೊತೆ ಸೇರಿಸಿ ಕಸ ಅಂದ್ಕೊಳ್ಳೋದು ಅನ್ಯಾಯ. ಮಾಮೂಲಿ ಎಸ್‌ಆರ್‌ಜಿಬಿ ಪ್ರೊಫೈಲ್ ಸುಮಾರು 3 ಕೆಬಿ, ಅದೂ ಭಾರ ಅನ್ಸಿದ್ರೆ ಅರ್ಧ ಕೆಬಿ ಆಸುಪಾಸಿನ ಪುಟ್ಟ ಪ್ರೊಫೈಲ್‌ಗಳೂ ಇವೆ. 200 ಕೆಬಿ ಫೋಟೋದಲ್ಲಿ ಅರ್ಧ ಕೆಬಿ ಉಳಿಸೋಕೆ ಹೋಗಿ ಫೋಟೋದ ಬಣ್ಣ ಕಳ್ಕೊಳ್ಳೋದು ಯಾವ ಲೆಕ್ಕ?

ಇದು ದೊಡ್ಡ ಕ್ಯಾಮೆರಾ ಇಟ್ಕೊಂಡೋರ ತಲೆನೋವು ಮಾತ್ರ ಅಂದ್ಕೋಬೇಡಿ. 2016 ರ ಐಫೋನ್ 7 ರಿಂದ ಆಚೆಗೆ ಆ ಫೋನ್‌ಗಳು ಫೋಟೋನ ಡಿಸ್‌ಪ್ಲೇ ಪಿ3 ಅನ್ನೋ ದೊಡ್ಡ ಕಲರ್ ಸ್ಪೇಸ್‌ನಲ್ಲೇ ಸೇವ್ ಮಾಡ್ತವೆ, ಜೊತೆಗೆ ಪ್ರೊಫೈಲ್ ಸರಿಯಾಗೇ ಇಟ್ಟಿರ್ತವೆ. ಅಂದ್ರೆ ಎಸ್‌ಆರ್‌ಜಿಬಿ ಅಂದ್ರೇನು ಅಂತ ಕೇಳಿಯೇ ಇಲ್ಲದ ಜನ ಕೂಡ ಪ್ರತಿದಿನ ಎಸ್‌ಆರ್‌ಜಿಬಿ ಅಲ್ಲದ ಫೋಟೋ ಕಳಿಸ್ತಿದ್ದಾರೆ, ಅದರ ಪ್ರೊಫೈಲ್ ಕಿತ್ತ ಕೂಡಲೇ ಕೆಂಪು, ಕಿತ್ತಳೆ ಎಲ್ಲ ಒಂದು ಮೆಟ್ಟಿಲು ಕೆಳಗಿಳಿಯತ್ತೆ. ಅವರಿಗೆ ಇದು ಯಾಕೆ ಹೀಗಾಯ್ತು ಅಂತ ಗೊತ್ತಾಗೋ ದಾರಿನೇ ಇಲ್ಲ, ನಮ್ ಫೋಟೋನೇ ಚೆನ್ನಾಗಿಲ್ಲವೇನೋ ಅಂತ ಸುಮ್ಮನಾಗ್ತಾರೆ. ನನಗೆ ಜಾಸ್ತಿ ಬೇಜಾರಾಗೋದು ಇದಕ್ಕೇ.

ಫೋಟೋ ಕಳಿಸೋರ ಕಡೆಯಿಂದಲೂ ಹೇಳೋದಿದೆ. ವೆಬ್‌ಗೆ ಕಳಿಸುವಾಗ ಎಸ್‌ಆರ್‌ಜಿಬಿಗೆ ಬದಲಿಸಿ, ಪ್ರೊಫೈಲ್ ಸೇರಿಸಿಯೇ ಕಳಿಸಿ, ಎರಡೂ ಬೇಕು. ಎಸ್‌ಆರ್‌ಜಿಬಿ ಮಾಡಿದ್ಮೇಲೆ ಪ್ರೊಫೈಲ್ ಯಾಕೆ ಅಂತ ಕೇಳ್ತಾರೆ, ಬಹಳಷ್ಟು ಕಡೆ ಇಲ್ಲದಿದ್ರೂ ನಡೆಯತ್ತೆ ನಿಜ, ಆದ್ರೆ ವೈಡ್ ಗ್ಯಾಮಟ್ (ಎಸ್‌ಆರ್‌ಜಿಬಿಗಿಂತ ಜಾಸ್ತಿ ಬಣ್ಣ ತೋರಿಸೋ) ಮಾನಿಟರ್ ಇರೋರು ಬಣ್ಣದ ಲೆಕ್ಕ ಗೊತ್ತಿಲ್ಲದ ಯಾವುದೋ ವ್ಯೂವರ್‌ನಲ್ಲೋ, ಪ್ರೊಫೈಲ್ ಇರೋ ಫೋಟೋಗೆ ಮಾತ್ರ ಲೆಕ್ಕ ಮಾಡೋ ಬ್ರೌಸರ್‌ನಲ್ಲೋ ತೆರೆದ್ರೆ ಪ್ರೊಫೈಲ್ ಇಲ್ಲದ ಫೋಟೋದ ನಂಬರ್ ನೇರವಾಗಿ ಮಾನಿಟರ್‌ಗೆ ಹೋಗಿ ಮುಖಗಳೆಲ್ಲ ಟೊಮೇಟೊ ಕೆಂಪು. ಲೈಟ್‌ರೂಮ್‌ನಲ್ಲಾದ್ರೆ ಎಕ್ಸ್‌ಪೋರ್ಟ್ ಮಾಡುವಾಗ ಕಲರ್ ಸ್ಪೇಸ್ ಅಂತ ಇರೋ ಕಡೆ ಎಸ್‌ಆರ್‌ಜಿಬಿ ಆರಿಸಿದ್ರೆ ಆಯ್ತು. ಫೋಟೋಶಾಪ್‌ನ ಎಕ್ಸ್‌ಪೋರ್ಟ್‌ನಲ್ಲಿ ಕನ್ವರ್ಟ್ ಟು ಎಸ್‌ಆರ್‌ಜಿಬಿ, ಎಂಬೆಡ್ ಕಲರ್ ಪ್ರೊಫೈಲ್ ಅಂತ ಎರಡು ಡಬ್ಬಿ ಇವೆ, ಎರಡಕ್ಕೂ ಟಿಕ್ ಹಾಕಿ. ಗಿಂಪ್‌ನಲ್ಲೂ ಇಮೇಜ್ ಮೆನುವಿನ ಕಲರ್ ಮ್ಯಾನೇಜ್‌ಮೆಂಟ್ ಒಳಗೆ ಇದೇ ಸೌಲಭ್ಯ ಇದೆ.

ಇಲ್ಲಿ ಒಂದು ಕಡೆ ಬಹಳ ಜನ ಎಡವ್ತಾರೆ, ಅದನ್ನ ಬಿಡಿಸಿ ಹೇಳಲೇಬೇಕು. ಫೋಟೋಶಾಪ್‌ನಲ್ಲಿ ಕನ್ವರ್ಟ್ ಟು ಪ್ರೊಫೈಲ್ ಅಂತ ಒಂದಿದೆ, ಅಸೈನ್ ಪ್ರೊಫೈಲ್ ಅಂತ ಇನ್ನೊಂದಿದೆ, ಎರಡೂ ಎಡಿಟ್ ಮೆನುವಿನಲ್ಲಿ ಒಟ್ಟೊಟ್ಟಿಗೇ ಕೂತಿರ್ತವೆ. ಕನ್ವರ್ಟ್ ಮಾಡಿದ್ರೆ ಬಣ್ಣ ಹಾಗೇ ಉಳಿಯತ್ತೆ, ನಂಬರ್ ಬದಲಾಗತ್ತೆ. ಅಸೈನ್ ಮಾಡಿದ್ರೆ ನಂಬರ್ ಹಾಗೇ ಉಳಿಯತ್ತೆ, ಬಣ್ಣ ಬದಲಾಗತ್ತೆ. ಅಡೋಬಿ ಆರ್‌ಜಿಬಿ ಫೋಟೋಗೆ ಎಸ್‌ಆರ್‌ಜಿಬಿ ಅಸೈನ್ ಮಾಡಿದ್ರೆ ನಾನು ಮೇಲೆ ಹೇಳಿದ ತಪ್ಪನ್ನ ನಾವೇ ಕೈಯಾರೆ ಮಾಡಿದ ಹಾಗೆ. ಆಮೇಲೆ ಫೋಟೋ ಸಪ್ಪೆ ಆಯ್ತಲ್ಲಾ ಅಂತ ಸ್ಯಾಚುರೇಶನ್ (ಬಣ್ಣದ ಗಾಢತೆ) ಎಳೀತಾರೆ, ಒಂದು ಕಡೆ ಸರಿ ಕಾಣತ್ತೆ, ಇನ್ನೊಂದು ಕಡೆ ಕಣ್ಣು ಕುಕ್ಕತ್ತೆ. ಅಪ್‌ಲೋಡ್ ಆದ್ಮೇಲೆ ಹೇಗಿದ್ರೂ ಮಂಕಾಗತ್ತೆ ಅಂತ ಮೊದಲೇ ಬಣ್ಣ ಜಾಸ್ತಿ ಮಾಡಿ ಕಳಿಸೋ ಪಾಠವನ್ನ ತುಂಬಾ ವಿಡಿಯೋಗಳಲ್ಲಿ ಹೇಳಿಕೊಡ್ತಾರೆ, ದಯವಿಟ್ಟು ಅದನ್ನ ನಂಬಬೇಡಿ, ರೋಗ ಒಂದು ಔಷಧಿ ಇನ್ನೊಂದು ಆಗತ್ತೆ.

ಇನ್ನೊಂದು ಕೆಟ್ಟ ಸಲಹೆನೂ ಓಡಾಡ್ತಿದೆ. ಫೋಟೋಶಾಪ್‌ನ ಕಲರ್ ಸೆಟ್ಟಿಂಗ್ಸ್‌ಗೆ ಹೋಗಿ ವರ್ಕಿಂಗ್ ಸ್ಪೇಸ್ (ಎಡಿಟ್ ಮಾಡುವಾಗ ಬಳಸೋ ಕಲರ್ ಸ್ಪೇಸ್) ಜಾಗದಲ್ಲಿ ನಿಮ್ಮ ಮಾನಿಟರ್ ಪ್ರೊಫೈಲ್ (ಆ ಮಾನಿಟರ್ ಬಣ್ಣ ಹೇಗೆ ತೋರಿಸತ್ತೆ ಅನ್ನೋ ವಿವರ) ಹಾಕ್ಬಿಡಿ, ಆಗ ಫೋಟೋಶಾಪೂ ಬ್ರೌಸರೂ ಮ್ಯಾಚ್ ಆಗತ್ತೆ ಅಂತ. ನಿಮ್ ಸಿಸ್ಟಂನಲ್ಲಿ ಮ್ಯಾಚ್ ಆದ ಹಾಗೆ ಕಾಣಬಹುದು. ಜಗತ್ತಿನಲ್ಲಿ ಬೇರೆ ಯಾರ ಹತ್ರಾನೂ ನಿಮ್ಮ ಮಾನಿಟರ್ ಇಲ್ಲ, ಅಲ್ಲೆಲ್ಲ ಬಣ್ಣ ಎಲ್ಲೋ ಹೋಗಿರತ್ತೆ. ಮಾನಿಟರ್ ಪ್ರೊಫೈಲ್ ಇರೋದು ಆಪರೇಟಿಂಗ್ ಸಿಸ್ಟಂಗೆ, ಸಾಫ್ಟ್‌ವೇರ್ ಅದನ್ನ ತಾನೇ ಅಲ್ಲಿಂದ ತಗೊಂಡು ತೋರಿಸುವಾಗ ಮಾತ್ರ ಬಳಸತ್ತೆ, ಫೋಟೋ ಒಳಗೆ ಅದಕ್ಕೆ ಕೆಲಸ ಇಲ್ಲ.

ಮಾನಿಟರ್ ವಿಷ್ಯ ಬಂದಿದ್ದಕ್ಕೆ ಹೇಳ್ತೀನಿ, ಫೋಟೋಶಾಪ್‌ನಲ್ಲಿ ಬಿಳಿ ಹಳದಿಯಾಗಿ ಕಂಡು ಬೇರೆ ಸಾಫ್ಟ್‌ವೇರ್‌ನಲ್ಲಿ ಸರಿ ಕಂಡ್ರೆ ಮಾನಿಟರ್ ಜೊತೆ ಬಂದ ಪ್ರೊಫೈಲೇ ಕೆಟ್ಟಿರೋ ಸಾಧ್ಯತೆ ಹೆಚ್ಚು, ಅದನ್ನ ತೆಗೆದು ತಾತ್ಕಾಲಿಕವಾಗಿ ಎಸ್‌ಆರ್‌ಜಿಬಿ ಹಾಕಿ ನೋಡಿದ್ರೆ ಗೊತ್ತಾಗತ್ತೆ. ಕೈಲಾದ್ರೆ ಕಲರಿಮೀಟರ್‌ನಿಂದ (ಸ್ಕ್ರೀನಿನ ಬಣ್ಣ ಅಳೆಯೋ ಸಾಧನ) ಕ್ಯಾಲಿಬ್ರೇಟ್ ಮಾಡಿ, 6500 ಕೆಲ್ವಿನ್ ಬಿಳಿ, ಗಾಮಾ 2.2, ಬೆಳಕು ಚದರ ಮೀಟರ್‌ಗೆ 80 ರಿಂದ 120 ಕ್ಯಾಂಡೆಲಾ ಒಳಗೆ. ಸಾಧನ ಇಲ್ಲ ಅಂದ್ರೂ ಬ್ರೈಟ್‌ನೆಸ್ ಇಳಿಸೋಕೆ ಯಾವ ಸಾಧನವೂ ಬೇಡ. ಮಾನಿಟರ್ ಬೆಳಕು ಪೂರ್ತಿ ಏರಿಸಿ ಎಡಿಟ್ ಮಾಡಿದ ಫೋಟೋ ಉಳಿದೋರ ಹತ್ರ ಕಪ್ಪಿಟ್ಟೇ ಕಾಣೋದು, ಯಾಕಂದ್ರೆ ನಿಮ್ ಕಣ್ಣಿಗೆ ಜಾಸ್ತಿ ಬೆಳಕು ಅನ್ಸಿ ನೀವು ಫೋಟೋನ ಕಪ್ಪು ಮಾಡಿರ್ತೀರ. ನೈಟ್ ಲೈಟು, ಟ್ರೂ ಟೋನು ಆಫ್ ಇರಲಿ.

ದೊಡ್ಡ ಕಲರ್ ಸ್ಪೇಸ್‌ನಿಂದ ಸಣ್ಣದಕ್ಕೆ ಬರುವಾಗ ಕೆಲವು ಬಣ್ಣ ನಿಜವಾಗ್ಲೂ ಹಿಡಿಸಲ್ಲ, ಅದನ್ನ ಮುಚ್ಚಿಡೋದು ಬೇಡ. ಗಾಢ ಹಳದಿ ಹೂವು, ಮಿಂಚುಳ್ಳಿಯ ನೀಲಿ ಇಂಥ ಕಡೆ ಎಸಳಿನ ಗೆರೆ, ಗರಿಯ ಎಳೆ ಎಲ್ಲ ಒಂದೇ ಬಣ್ಣದ ತೇಪೆ ಆಗ್ಬಿಡತ್ತೆ. ಕನ್ವರ್ಟ್ ಮಾಡುವಾಗ ಪರ್ಸೆಪ್ಚುಯಲ್ (ಎಲ್ಲ ಬಣ್ಣವನ್ನೂ ಒಟ್ಟಿಗೆ ಕುಗ್ಗಿಸೋ ವಿಧಾನ) ಅಂತ ಆರಿಸಿದ್ರೆ ಸರಿ ಹೋಗತ್ತೆ ಅಂತ ಕೆಲವರು ಹೇಳ್ತಾರೆ, ಮಾಮೂಲಿ ಎಸ್‌ಆರ್‌ಜಿಬಿ ಪ್ರೊಫೈಲ್ ಒಳಗೆ ಅದಕ್ಕೆ ಬೇಕಾದ ಪಟ್ಟಿನೇ ಇರಲ್ಲ, ಹಾಗಾಗಿ ಅದನ್ನ ಆರಿಸಿದ್ರೂ ಹಿಡಿಸದ ಬಣ್ಣವನ್ನ ಅಂಚಿಗೇ ಕತ್ತರಿಸೋ ರಿಲೇಟಿವ್ ಕಲರಿಮೆಟ್ರಿಕ್‌ನ ಫಲಿತಾಂಶವೇ ಬರತ್ತೆ. ದಾರಿ ಒಂದೇ, ಲೈಟ್‌ರೂಮ್‌ನಲ್ಲೋ ಫೋಟೋಶಾಪ್‌ನಲ್ಲೋ ಸಾಫ್ಟ್ ಪ್ರೂಫ್ ಆನ್ ಮಾಡಿ ಎಸ್‌ಆರ್‌ಜಿಬಿಯಲ್ಲಿ ಹೇಗೆ ಕಾಣತ್ತೆ ಅಂತ ಮುಂಚೆನೇ ನೋಡ್ಕೊಂಡು, ಆ ಒಂದು ಬಣ್ಣದ ಸ್ಯಾಚುರೇಶನ್ ಮಾತ್ರ ಹದಕ್ಕೆ ಇಳಿಸಿ, ಆಮೇಲೆ ಕನ್ವರ್ಟ್ ಮಾಡೋದು. ಮೂಲ ಫೈಲ್ ದೊಡ್ಡ ಕಲರ್ ಸ್ಪೇಸ್‌ನಲ್ಲೇ ಇರಲಿ, ಅದನ್ನ ಮುಟ್ಟಬೇಡಿ.

ಇದೆಲ್ಲ ಯಾಕೆ ಇಷ್ಟು ಹಚ್ಕೊಂಡು ಬರೀತಿದೀನಿ ಅಂದ್ರೆ, ಫೋಟೋದ ಬಣ್ಣ ಬರೀ ಅಂದಕ್ಕೆ ಅಲ್ಲ. ಹಕ್ಕಿಯ ಎದೆಯ ಬಣ್ಣ ನೋಡಿ ಜಾತಿ ಗುರುತಿಸೋರಿದ್ದಾರೆ, ಎಲೆಯ ಹಳದಿ ನೋಡಿ ರೋಗ ಯಾವುದು ಅಂತ ಹೇಳೋರಿದ್ದಾರೆ, ಚಿತ್ರ ಬರೆಯೋರು ತಿಂಗಳುಗಟ್ಟಲೆ ಕೂತು ಹದ ಮಾಡಿದ ಬಣ್ಣ ಬಹಳ ಜನರಿಗೆ ತಲುಪೋದು ಫೋಟೋ ಮೂಲಕ ಮಾತ್ರ. ಅದು ದಾರಿಯಲ್ಲಿ ಬದಲಾದ್ರೆ ನೋಡೋರಿಗೆ ಸುಳ್ಳು ತೋರಿಸಿದ ಹಾಗೆ, ತೋರಿಸಿದೋರಿಗೂ ಅದು ಸುಳ್ಳು ಅಂತ ಗೊತ್ತಿರಲ್ಲ.

ಪತ್ರಿಕೆಯೋರಿಗೆ ಇನ್ನೊಂದು ವಿಷ್ಯ ವಿಶೇಷವಾಗಿ ಹೇಳ್ಬೇಕು. ಅಚ್ಚಿಗೆ ಹೋಗೋ ಫೋಟೋ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕ) ಆಗಿರತ್ತೆ, ನ್ಯೂಸ್‌ಪ್ರಿಂಟ್ ಕಾಗದ ಹಿಡಿದಿಡೋ ಬಣ್ಣ ಎಸ್‌ಆರ್‌ಜಿಬಿಗಿಂತ ಎಷ್ಟೋ ಕಮ್ಮಿ. ಒಂದ್ಸಲ ಅದಕ್ಕೆ ಬದಲಿಸಿದ ಫೋಟೋನ ವಾಪಸ್ ಆರ್‌ಜಿಬಿ ಮಾಡಿದ್ರೂ ಹೋದ ಬಣ್ಣ ಹೋದ ಹಾಗೇ. ಗಡಿಬಿಡಿಯಲ್ಲಿ ಪುಟಕ್ಕೆ ರೆಡಿ ಮಾಡಿದ ಫೋಟೋನೇ ವೆಬ್‌ಗೂ ಹಾಕಿದ್ರೆ ಯಾವ ಪ್ರೊಫೈಲ್ ಇದ್ದೂ ಪ್ರಯೋಜನ ಇಲ್ಲ. ವೆಬ್‌ಗೆ ಯಾವಾಗ್ಲೂ ಮೂಲ ಆರ್‌ಜಿಬಿ ಫೈಲಿಂದ ಬೇರೆಯಾಗೇ ತೆಗೀಬೇಕು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಓದುಗರಿಂದ ಫೋಟೋ ಕೇಳೋ ಪ್ರಕಟಣೆಯಲ್ಲಿ ಸೈಜು, ಹೆಸರು, ವಿಳಾಸದ ಜೊತೆ "ಎಸ್‌ಆರ್‌ಜಿಬಿ, ಪ್ರೊಫೈಲ್ ಸಮೇತ" ಅಂತ ಒಂದು ಸಾಲು ಸೇರಿಸಿ. ನಿಮ್ಮ ತಾಂತ್ರಿಕ ತಂಡದೋರಿಗೆ ಸಣ್ಣದು ಮಾಡೋದಕ್ಕೂ ಮುಂಚೆ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡೋಕೆ, ಮೆಟಾಡೇಟಾ ತೆಗೆಯುವಾಗ ಪ್ರೊಫೈಲ್ ಮಾತ್ರ ಬಿಡೋಕೆ ಹೇಳಿ, ಯಾಕಂದ್ರೆ ಎಷ್ಟೇ ಸಾಲು ಬರೆದ್ರೂ ಅಂಥ ಫೋನಿಂದ ಕಳಿಸೋರು ಪಿ3 ಫೋಟೋನೇ ಕಳಿಸ್ತಾರೆ, ಅದು ಅವರ ತಪ್ಪಲ್ಲ. ಸರಿ ಆಯ್ತೋ ಇಲ್ವೋ ಅಂತ ನೋಡೋದು ಸುಲಭ. ಕೆಂಪು ಹಸಿರು ಜಾಸ್ತಿ ಇರೋ, ಆದ್ರೆ ಕಣ್ಣು ಕುಕ್ಕದ ಒಂದು ಫೋಟೋ ತಗೊಂಡು ಒಂದು ಪ್ರತಿನ ಎಸ್‌ಆರ್‌ಜಿಬಿಗೆ, ಇನ್ನೊಂದನ್ನ ಪ್ರೋಫೋಟೋಗೆ ಕನ್ವರ್ಟ್ ಮಾಡಿ, ಎರಡಕ್ಕೂ ಪ್ರೊಫೈಲ್ ಸೇರಿಸಿ, ಎರಡನ್ನೂ ಮಾಮೂಲಿ ದಾರಿಯಲ್ಲೇ ಅಪ್‌ಲೋಡ್ ಮಾಡಿ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಥರ ಕಂಡ್ರೆ ನಿಮ್ಮ ಸೈಟ್ ಸರಿ ಇದೆ. ಎರಡನೇದು ಕಂದು ತಿರುಗಿದ್ರೆ ಪ್ರೊಫೈಲ್ ಎಲ್ಲೋ ಉದುರ್ತಿದೆ ಅಂತ ಅರ್ಥ. ಥಂಬ್‌ನೇಲ್‌ನಲ್ಲೂ ಒಮ್ಮೆ ನೋಡಿ, ದೊಡ್ಡ ಫೋಟೋ ಸರಿ ಇದ್ದು ಥಂಬ್‌ನೇಲ್ ಮಾತ್ರ ಕೆಟ್ಟಿರೋದು ಬಹಳ ಕಡೆ ಇದೆ.

ವಂದನೆಗಳು,
ನಿಮ್ಮ ಓದುಗ, ಫೋಟೋ ಎಡಿಟಿಂಗ್ ಕೆಲಸ ಮಾಡುವವನು